ಸಿಗ್ನಲ್ ಇಲ್ಲದ ದಾರಿಗಳ ಕುರಿತು ಘಟ್ಟದ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಹಾಸನ, ಕೊಡಗು ಹಾಗೂ ಬೆಳಗಾವಿ ಜಿಲ್ಲೆಗಳ ಮಾನ್ಯ ಜಿಲ್ಲಾಧಿಕಾರಿಗಳು.

ವಿಷಯ: ಮೊಬೈಲ್ ಸಿಗ್ನಲ್ ಇಲ್ಲದ ಪ್ರದೇಶಗಳಲ್ಲಿ ಜಿಪಿಎಸ್ ನಂಬಿ ಬರುವವರ ಸುರಕ್ಷತೆ, ನಕ್ಷೆಗಳ ತಿದ್ದುಪಡಿ ಮತ್ತು ತುರ್ತು ಸೇವೆಗಳ ಸಿದ್ಧತೆ.

ಮಾನ್ಯರೇ,

ನಾನು ಶರಾವತಿ ಹಿನ್ನೀರಿನಾಚೆಯ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ. ನಮ್ಮ ಮನೆಯಂಗಳದಲ್ಲಿ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ. ಒಂದು ಕರೆ ಮಾಡಬೇಕಾದರೂ ಮನೆಯ ಹಿಂದಿನ ಸೊಪ್ಪಿನಬೆಟ್ಟ ಹತ್ತಿ, ಅಲ್ಲಿರುವ ಹೊನ್ನೆಮರದ ಬುಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಬೇಕು. ಆದರೆ ಟವರ್ ಬೇಕೆಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ಆ ಬೇಡಿಕೆಯನ್ನು ನಮ್ಮ ಭಾಗದ ಜನ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಅಭಿಯಾನವನ್ನೇ ನಡೆಸಿ ತಮ್ಮ ಕಚೇರಿಗಳಿಗೆ ಮುಟ್ಟಿಸಿದ್ದಾರೆ. ನಾಳೆ ಟವರ್ ಬಂದರೂ ಗುಡ್ಡದ ಮರೆಯಲ್ಲಿ, ಘಾಟಿಯ ತಿರುವುಗಳಲ್ಲಿ, ರಕ್ಷಿತಾರಣ್ಯದ ನಡುವೆ ಸಿಗ್ನಲ್ ಇಲ್ಲದ ಹಾದಿ ಸಾಕಷ್ಟು ಉಳಿದೇ ಇರುತ್ತದೆ. ಆ ಹಾದಿಯಲ್ಲಿ ಪ್ರತಿದಿನ ಓಡಾಡುವ ಸಾವಿರಾರು ಜನರ ಕೈಯಲ್ಲಿ ಜಿಪಿಎಸ್ ಇರುವ ಫೋನು ಇದೆ. ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಆ ಕೆಲಸಕ್ಕಾಗಿ, ಹಾಗೂ ಅದಕ್ಕೆ ಬೇಕಾದ ಕೆಲವು ಸಿದ್ಧತೆಗಳಿಗಾಗಿ ತಮ್ಮಲ್ಲಿ ವಿನಂತಿಸಿಕೊಳ್ಳುತ್ತಿದ್ದೇನೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ತಾವೇ ಅಧ್ಯಕ್ಷರಾಗಿರುವುದರಿಂದ ಈ ಪತ್ರ ನೇರವಾಗಿ ತಮಗೇ ಸಲ್ಲಬೇಕೆಂದು ಭಾವಿಸಿದ್ದೇನೆ.

ಹೋದ ವರ್ಷ ಆಷಾಢದ ಒಂದು ಸಂಜೆ, ಮಳೆ ಬಿಡದೆ ಹೊಯ್ಯುತ್ತಿದ್ದಾಗ, ನಮ್ಮ ತೋಟದ ದಾರಿಯಲ್ಲಿ ಕಾರಿನ ಬೆಳಕು ಕಂಡಿತು. ಆ ದಾರಿ ನಮ್ಮ ಮನೆ ದಾಟಿ ಇನ್ನೂರು ಮೀಟರಿನಷ್ಟು ಇಳಿದು ಹೊಳೆಯಲ್ಲಿ ಮುಗಿಯುತ್ತದೆ. ಬೇಸಿಗೆಯಲ್ಲಿ ಆ ಹೊಳೆಯಲ್ಲಿ ಮೊಣಕಾಲುದ್ದ ನೀರೂ ಇರುವುದಿಲ್ಲ. ಜೀಪು, ಟ್ರ್ಯಾಕ್ಟರುಗಳು ಹಾಸುಗಲ್ಲಿನ ಮೇಲೆ ದಾಟಿ ಆಚೆಯ ಊರಿಗೆ ಹೋಗುತ್ತವೆ. ಮಳೆಗಾಲದಲ್ಲಿ ದಾಟಲಿಕ್ಕೆ ಇರುವುದು ಅಡಿಕೆ ದಬ್ಬೆ ಹಾಸಿದ ಒಂದು ಕಾಲುಸಂಕ ಮಾತ್ರ. ನಾನು ಟಾರ್ಚು ಹಿಡಿದು ಓಡುವಷ್ಟರಲ್ಲಿ ಕಾರು ನೀರಿನಂಚಿಗೆ ಎಂಟು ಹತ್ತು ಮಾರು ದೂರದಲ್ಲಿ ನಿಂತಿತ್ತು, ಮುಂದಿನ ಚಕ್ರಗಳೆರಡೂ ಕೆಸರಿನಲ್ಲಿ ಹೂತಿದ್ದವು. ಹಾಗೆ ಹೂತದ್ದರಿಂದಲೇ ಐದು ಜೀವ ಉಳಿಯಿತು. ಒಳಗೆ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಹಿಂದಿನ ಸೀಟಿನಲ್ಲಿ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ ಅವರ ವಯಸ್ಸಾದ ತಾಯಿ.

ಕಾರು ಓಡಿಸುತ್ತಿದ್ದವರು ನನಗೆ ಫೋನು ತೋರಿಸಿದರು. ನೀಲಿ ಚುಕ್ಕಿ ಸರಿಯಾಗಿ ಹೊಳೆಯ ದಡದಲ್ಲೇ ಮಿನುಗುತ್ತಿತ್ತು. ಆದರೆ ಅದರ ಸುತ್ತ ನಕ್ಷೆ ಇರಲಿಲ್ಲ. ಬೂದು ಬಣ್ಣದ ಖಾಲಿ ಚೌಕಗಳಿದ್ದವು. ಹೊರಡುವಾಗ ಪೇಟೆಯಲ್ಲಿ ಹಾಕಿಕೊಂಡಿದ್ದ ದಾರಿಯ ಗೆರೆಯೊಂದು ಆ ಖಾಲಿಯ ನಡುವೆ ನೇರವಾಗಿ ಹೊಳೆ ದಾಟಿ ಆಚೆಗೆ ಹೋಗಿತ್ತು. "ಗೆರೆ ಮುಂದೆ ಹೋಗ್ತಾ ಇತ್ತು ಸರ್, ರಸ್ತೆ ಇದೆ ಅಂತಲೇ ಬಂದೆ" ಎಂದರು. ಅವರನ್ನು ಅಜಾಗರೂಕರೆಂದು ನಾನು ಹೇಳಲಾರೆ. ಹಿಂದಿನ ಕವಲಿನಲ್ಲಿ ಕಾರು ನಿಲ್ಲಿಸಿ ಯಾರನ್ನಾದರೂ ಕೇಳೋಣವೆಂದು ಕಾದಿದ್ದರು. ಆ ಮಳೆಯಲ್ಲಿ ಯಾರೂ ಸಿಗಲಿಲ್ಲ, ಅಲ್ಲಿ ಫಲಕವೂ ಇಲ್ಲ. ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಕಟ್ಟಿ ಕಾರನ್ನು ಎಳೆಸಿ ಕಳಿಸಿದೆವು. ಅದೇ ದಾರಿಯಲ್ಲಿ ಹೀಗೆ ಬಂದು ಸಿಕ್ಕಿಕೊಂಡವರಲ್ಲಿ ನನ್ನ ಲೆಕ್ಕಕ್ಕೆ ಅದು ನಾಲ್ಕನೆಯ ವಾಹನ.

ಈ ಘಟನೆಯಲ್ಲಿ ಜಿಪಿಎಸ್ ತಪ್ಪು ಮಾಡಿಲ್ಲ ಎಂಬುದು ನಾನು ತಮ್ಮ ಗಮನಕ್ಕೆ ತರಬೇಕಾದ ಮೊದಲ ಮಾತು. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯವನ್ನೂ ತಮ್ಮ ಪಥವನ್ನೂ ಸದಾ ಬಿತ್ತರಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ ಫೋನು ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ. ಫೋನು ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಇದಕ್ಕೆ ಟವರ್ ಬೇಡ, ಸಿಮ್ ಬೇಡ, ಹಣವೂ ಬೇಡ. ಪೇಟೆಯಲ್ಲಿ ಚುಕ್ಕಿ ಕ್ಷಣದಲ್ಲಿ ಮೂಡುವುದಕ್ಕೆ ಕಾರಣ, ಉಪಗ್ರಹಗಳ ಪಥದ ವಿವರ ಇಂಟರ್‌ನೆಟ್ಟಿನಿಂದ ಮೊದಲೇ ಸಿಕ್ಕಿಬಿಡುವುದು. ನಮ್ಮಲ್ಲಿ ಅದನ್ನು ಉಪಗ್ರಹದಿಂದಲೇ ಸೆಕೆಂಡಿಗೆ 50 ಬಿಟ್‌ನಂತೆ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಒಂದು ಉಪಗ್ರಹ ತನ್ನ ಪಥದ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ, ಇಡೀ ಸಮೂಹದ ಪಂಚಾಂಗವನ್ನು ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಆದ್ದರಿಂದ ಫೋನು ಆರಿಸಿ ಮತ್ತೆ ಹಚ್ಚಿದವರು ಆಕಾಶ ಕಾಣುವ ಜಾಗದಲ್ಲಿ ಕೆಲವು ನಿಮಿಷ ಕದಲದೆ ನಿಲ್ಲಬೇಕಾಗುತ್ತದೆ. ದಟ್ಟ ಕಾನಿನ ಒದ್ದೆ ಎಲೆಗಳ ಕೆಳಗೆ, ಆಳವಾದ ಕಣಿವೆಯಲ್ಲಿ, ಚುಕ್ಕಿ ಹತ್ತಿಪ್ಪತ್ತು ಮೀಟರ್ ಆಚೀಚೆ ಆಗುವುದೂ ಉಂಟು. ಇಷ್ಟು ಮಿತಿಗಳನ್ನು ಬಿಟ್ಟರೆ ಸ್ಥಾನ ತಿಳಿಯುವ ವ್ಯವಸ್ಥೆ ಬೆಂಗಳೂರಿನಲ್ಲಿ ಎಷ್ಟು ಇದೆಯೋ ನಮ್ಮ ಕಾಡಿನಲ್ಲೂ ಅಷ್ಟೇ ಇದೆ. ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಕೇಂದ್ರಗಳು ನಮ್ಮದೇ ರಾಜ್ಯದ ಹಾಸನದಲ್ಲಿ, ಬ್ಯಾಲಾಳುವಿನಲ್ಲಿ ಇವೆ.

ಹಾಗಾದರೆ ಕೊರತೆ ಎಲ್ಲಿದೆ? ನಕ್ಷೆಯಲ್ಲಿದೆ, ಮತ್ತು ನೆಲದ ಮೇಲಿದೆ. ಹಳ್ಳಿದಾರಿಗಳ ಬಹುಪಾಲನ್ನು ನಕ್ಷೆಯ ಮೇಲೆ ಬರೆಯುವುದು ಆಕಾಶದಿಂದ ತೆಗೆದ ಚಿತ್ರ ನೋಡಿ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿರುವುದರಿಂದ ನಿಚ್ಚಳವಾದ ಚಿತ್ರ ಸಿಗುವುದು ಬೇಸಿಗೆಯಲ್ಲಿ. ಬೇಸಿಗೆಯ ಚಿತ್ರದಲ್ಲಿ ನಮ್ಮ ಹೊಳೆ ಒಂದು ಬಿಳಿಯ ಮರಳಿನ ಪಟ್ಟೆ. ಅದರ ಎರಡೂ ಬದಿಯಲ್ಲಿ ಟ್ರ್ಯಾಕ್ಟರಿನ ಜಾಡು ಸ್ಪಷ್ಟವಾಗಿ ಕಾಣುತ್ತದೆ. ಎಲ್ಲೋ ಕುಳಿತು ಗೆರೆ ಎಳೆಯುವವರು ಎರಡೂ ಜಾಡನ್ನು ಜೋಡಿಸುತ್ತಾರೆ. ಲಿಂಗನಮಕ್ಕಿಯ ನೀರು ಇಳಿದಾಗ ಮೇಲೇಳುವ ಹಳೆಯ ಮುಳುಗಡೆ ರಸ್ತೆಗಳೂ ಆ ಚಿತ್ರಗಳಲ್ಲಿ ರಸ್ತೆಯಂತೆಯೇ ಕಾಣುತ್ತವೆ. ಅವನ್ನು ನಕ್ಷೆಗೆ ಸೇರಿಸಿದರೆ 1964ರಲ್ಲಿ ನೀರಿನಡಿ ಹೋದ ದಾರಿಗೆ ವಾಹನ ಇಳಿಸಲು ಹೇಳಿದಂತಾಗುತ್ತದೆ. ಮಳೆಗಾಲದಲ್ಲಿ ಅದು ರಸ್ತೆಯಲ್ಲ ಎಂದು ನಕ್ಷೆಗೆ ತಿಳಿಸಬಲ್ಲವರು ಆ ಊರಿನವರು ಮತ್ತು ಆ ಊರಿನ ಆಡಳಿತ ಮಾತ್ರ. ಹೆಚ್ಚಿನವರ ಫೋನಿನಲ್ಲಿರುವ ನಕ್ಷೆಯ ಕಂಪನಿಗೆ ನಾನು ಮೂರು ಬಾರಿ ತಿದ್ದುಪಡಿ ಕಳಿಸಿದೆ, ಫೋಟೋ ಸಮೇತ. ಎರಡು ಬಾರಿ ಉತ್ತರ ಬರಲಿಲ್ಲ, ಮೂರನೆಯದಕ್ಕೆ ದೃಢಪಡಿಸಲಾಗಲಿಲ್ಲ ಎಂಬ ಸಂದೇಶ ಬಂತು. ಒಬ್ಬ ನಿವೃತ್ತ ಶಿಕ್ಷಕನ ಮಾತಿಗೆ ಅಷ್ಟು ತೂಕವಿಲ್ಲದಿರಬಹುದು. ಜಿಲ್ಲಾಧಿಕಾರಿಯ ಮೊಹರಿರುವ ಪಟ್ಟಿಗೆ ಇರುತ್ತದೆ.

ಇದು ನಮ್ಮೊಂದು ಊರಿನ ಕಥೆಯಲ್ಲ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ರಾಮಗಂಗಾ ನದಿಯ ಅಪೂರ್ಣ ಸೇತುವೆಯಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆಗೆ ಸರಿಯಾದ ತಡೆಯೂ ಇರಲಿಲ್ಲ. ಮರು ತಿಂಗಳೇ ನಮ್ಮ ರಾಜ್ಯದ ಖಾನಾಪುರ ತಾಲ್ಲೂಕಿನ ಶಿರೋಲಿ, ಹೆಮ್ಮಡಗಾ ಕಡೆಯ ಕಾಡಿನಲ್ಲಿ ಗೋವಾಕ್ಕೆ ಹೊರಟ ಬಿಹಾರದ ಕುಟುಂಬವೊಂದು ನಕ್ಷೆ ನಂಬಿ ಒಳದಾರಿ ಹಿಡಿದು ರಾತ್ರಿಯಿಡೀ ಕಾರಿನಲ್ಲೇ ಕಳೆಯಿತು. ಬೆಳಗಾದ ಮೇಲೆ ನಾಲ್ಕು ಕಿಲೋಮೀಟರ್ ನಡೆದು ಸಿಗ್ನಲ್ ಸಿಕ್ಕಾಗ 112ಕ್ಕೆ ಕರೆ ಮಾಡಿದರು, ಪೊಲೀಸರು ಹೋಗಿ ಕರೆತಂದರು. ಅದು ಭೀಮಗಡ ವನ್ಯಧಾಮದ ಸೆರಗಿನ ಕಾಡು, ಕರಡಿಗಳಿರುವ ಸೀಮೆ. ನಾಲ್ಕು ಕಿಲೋಮೀಟರ್ ನಡೆಯಲಾರದವರು ಆ ಕಾರಿನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನನಗೆ ಆ ಸುದ್ದಿ ಓದಿದ ದಿನ ನಿದ್ದೆ ಬರಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳುವುದು ನನಗೆ ಕಷ್ಟವಾಗುತ್ತದೆ, ಆದರೂ ಹೇಳಲೇಬೇಕು. ನಮ್ಮ ಪಕ್ಕದ ತೋಟದಲ್ಲಿ ಕೊಳೆ ಔಷಧ ಹೊಡೆಯುತ್ತಿದ್ದ ಕೊನೆಗಾರರೊಬ್ಬರು ಮರದಿಂದ ಬಿದ್ದರು. ಅವರ ಮಗ ಬೆಟ್ಟ ಹತ್ತಿ ಆಂಬುಲೆನ್ಸಿಗೆ ಕರೆ ಮಾಡಿದ. ಪಿಯುಸಿ ಓದುವ ಹುಡುಗ, ಫೋನಿನಲ್ಲಿ ಅಕ್ಷಾಂಶ ರೇಖಾಂಶ ತೆಗೆದು ಓದಿ ಹೇಳಿದ. ನಾನೇ ಹಿಂದೊಮ್ಮೆ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಅತ್ತ ಕಡೆಯವರು ಅದು ಬೇಡ, ಊರಿನ ಹೆಸರು ಮತ್ತು ಲ್ಯಾಂಡ್‌ಮಾರ್ಕ್ ಹೇಳಿ ಎಂದರು. ನಮ್ಮ ಊರಿನ ಹೆಸರಿನ ಇನ್ನೊಂದು ಊರು ಪಕ್ಕದ ತಾಲ್ಲೂಕಿನಲ್ಲೂ ಇದೆ, ಮಲೆನಾಡಿನಲ್ಲಿ ಇದು ಸಾಮಾನ್ಯ. ಆಂಬುಲೆನ್ಸ್ ಅಲ್ಲಿಗೆ ಹೋಯಿತು. ಅಲ್ಲಿಂದ ತಿರುಗಿ ಬರುವಾಗ ಚಾಲಕನ ಫೋನಿನ ನಕ್ಷೆಯೂ ಖಾಲಿಯಾಯಿತು. ಕೊನೆಗೆ ನಾವು ಆರು ಜನ ಸೇರಿ ಕಂಬಳಿಯ ಜೋಲಿ ಕಟ್ಟಿ ಟಾರ್ ರಸ್ತೆಯವರೆಗೆ ಹೊತ್ತುಕೊಂಡು ಹೋದೆವು. ಬಿದ್ದ ಹೊತ್ತಿನಿಂದ ಆಂಬುಲೆನ್ಸಿನೊಳಗೆ ಮಲಗಿಸುವ ಹೊತ್ತಿಗೆ ಎರಡು ಗಂಟೆ ನಲವತ್ತು ನಿಮಿಷ ಕಳೆದಿತ್ತು. ಅವರು ಬದುಕಿದ್ದಾರೆ, ಊರುಗೋಲು ಹಿಡಿದು ನಡೆಯುತ್ತಾರೆ. ಮತ್ತೆ ಮರ ಹತ್ತುವುದಿಲ್ಲ. ಚಾಲಕ ಆ ಮಳೆಯಲ್ಲಿ ತನ್ನಿಂದಾದದ್ದನ್ನೆಲ್ಲ ಮಾಡಿದ, ಅವನ ಮೇಲೆ ನನ್ನ ದೂರಿಲ್ಲ. ಬಾಲಕನೊಬ್ಬ ಮೀಟರುಗಳ ಲೆಕ್ಕದಲ್ಲಿ ಸರಿಯಾದ ಜಾಗ ಹೇಳುತ್ತಿದ್ದಾಗ ಅದನ್ನು ಬರೆದುಕೊಳ್ಳುವ ಪದ್ಧತಿಯೇ ಇರಲಿಲ್ಲವಲ್ಲ, ಆ ಕುರಿತು ನನ್ನ ದೂರಿದೆ.

ಬರೆದುಕೊಳ್ಳುವುದರಲ್ಲೂ ಒಂದು ಎಚ್ಚರ ಬೇಕು. 14.10 ಡಿಗ್ರಿ ಎಂದರೆ 14 ಡಿಗ್ರಿ 6 ನಿಮಿಷ. ಅದನ್ನು 14 ಡಿಗ್ರಿ 10 ನಿಮಿಷ ಎಂದು ಬರೆದುಕೊಂಡರೆ ವಾಹನ ಏಳು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ನಮ್ಮಲ್ಲಿ ಏಳು ಕಿಲೋಮೀಟರ್ ಎಂದರೆ ನಡುವೆ ಎರಡು ಹೊಳೆ. ಪೊಲೀಸ್, ಅಗ್ನಿಶಾಮಕ, ಅರಣ್ಯ, ಆರೋಗ್ಯ ಎಲ್ಲ ಇಲಾಖೆಗಳೂ ಒಂದೇ ರೂಪವನ್ನು, ಅಂದರೆ ದಶಮಾಂಶದ ಡಿಗ್ರಿಯನ್ನು, ಬಿಂದುವಿನ ನಂತರ ನಾಲ್ಕು ಅಂಕಿಗಳವರೆಗೆ ಬಳಸಬೇಕೆಂದು ತಾವು ಸುತ್ತೋಲೆ ಹೊರಡಿಸಿದರೆ ಸಾಕು. ನಾಲ್ಕು ಅಂಕಿಯಿದ್ದರೆ ಜಾಗ ಹನ್ನೊಂದು ಮೀಟರಿನೊಳಗೆ ಸಿಗುತ್ತದೆ.

ಜಿಪಿಎಸ್ ಎಂಬ ಒಂದೇ ಪದದಡಿ ತಾನಿರುವ ಸ್ಥಾನವನ್ನು ತಿಳಿಯುವ ಉಪಕರಣ, ಅದನ್ನು ಬೇರೆಯವರಿಗೆ ಕಳಿಸುವ ಉಪಕರಣ ಎಂಬ ಎರಡು ಬೇರೆ ಉಪಕರಣಗಳು ಸೇರಿಹೋಗಿರುವುದರಿಂದಲೂ ತೊಂದರೆಯಾಗುತ್ತಿದೆ. ಪ್ರಯಾಣಿಕರ ವಾಹನಗಳಿಗೆ ಕಡ್ಡಾಯವಾಗಿ ಅಳವಡಿಸಿದ ಟ್ರ್ಯಾಕಿಂಗ್ ಪೆಟ್ಟಿಗೆಯಲ್ಲಿ ತುರ್ತು ಗುಂಡಿ ಇದೆ. ಆ ಪೆಟ್ಟಿಗೆ ಸ್ಥಾನವನ್ನು ಉಪಗ್ರಹದಿಂದ ತಿಳಿಯುತ್ತದೆ, ಆದರೆ ಅದನ್ನು ನಿಯಂತ್ರಣ ಕೇಂದ್ರಕ್ಕೆ ಕಳಿಸುವುದು ಒಳಗಿರುವ ಸಿಮ್ ಮೂಲಕ. ಸಿಗ್ನಲ್ ಇಲ್ಲದ ಕಡೆ ಗುಂಡಿ ಒತ್ತಿದರೆ ಸಂದೇಶ ಪೆಟ್ಟಿಗೆಯೊಳಗೇ ಉಳಿಯುತ್ತದೆ. ನಮ್ಮೂರಿನ ಮ್ಯಾಕ್ಸಿಕ್ಯಾಬ್ ಮಾಲೀಕರು ಸಾವಿರಾರು ರೂಪಾಯಿ ಕೊಟ್ಟು ಅದನ್ನು ಹಾಕಿಸಿಕೊಂಡು, ಕಾಡಿನಲ್ಲಿ ಇದೇ ತಮಗೆ ಆಧಾರ ಎಂದು ನಂಬಿಕೊಂಡಿದ್ದರು. ಹಾಗಲ್ಲ ಎಂದು ನಾನು ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಇಂತಹ ಮಾತನ್ನು ಸಾರಿಗೆ ಇಲಾಖೆಯೇ ಪೆಟ್ಟಿಗೆ ಕೂರಿಸುವ ದಿನ ಹೇಳಬೇಕಿತ್ತು.

ಪ್ರವಾಸಿಗರಿಗೆ ಹೇಳಬೇಕಾದದ್ದು ಬಹಳವಿಲ್ಲ, ಅದನ್ನು ಪ್ರವಾಸೋದ್ಯಮ ಇಲಾಖೆ ಕನ್ನಡದಲ್ಲಿ ಒಂದು ಪುಟದಷ್ಟು ಬರೆದು ಹೋಂಸ್ಟೇಗಳಿಗೂ ಪೆಟ್ರೋಲ್ ಬಂಕುಗಳಿಗೂ ಹಂಚಬಹುದು. ಹೊರಡುವ ಮೊದಲು, ಪೇಟೆಯಲ್ಲಿ ಇಂಟರ್‌ನೆಟ್ ಇರುವಾಗಲೇ, ಇಡೀ ಜಿಲ್ಲೆಯ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಬೇಕು. ಇಳಿಸಿದ ಮೇಲೆ ಏರೋಪ್ಲೇನ್ ಮೋಡಿಗೆ ಹಾಕಿ ಒಮ್ಮೆ ದಾರಿ ಕೇಳಿ ಪರೀಕ್ಷಿಸಬೇಕು. ಚಿತ್ರ ಮಾತ್ರ ಇಳಿದು ದಾರಿ ಹೇಳುವ ಭಾಗ ಇಳಿಯದಿರುವುದುಂಟು. ಎಲ್ಲರ ಫೋನಿನಲ್ಲಿರುವ ನಕ್ಷೆ ಇಂಟರ್‌ನೆಟ್ ಇಲ್ಲದಾಗ ವಾಹನದ ದಾರಿಯನ್ನಷ್ಟೇ ಹೇಳುತ್ತದೆ. ನಡೆದು ಹೋಗುವವರು, ಜನರೇ ಸೇರಿ ಬರೆದು ತಿದ್ದುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ಆಧಾರದ ಆರ್ಗ್ಯಾನಿಕ್ ಮ್ಯಾಪ್ಸ್, ಓಎಸ್‌ಎಂಅಂಡ್‌ನಂತಹ ಆ್ಯಪನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು, ಅವುಗಳಲ್ಲಿ ಕಾಲುದಾರಿಯೂ ಎತ್ತರದ ಗೆರೆಗಳೂ ಇವೆ. ಸಿಗ್ನಲ್ ಇಲ್ಲದ ಕಡೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ಬರಿದು ಮಾಡಿಕೊಳ್ಳುತ್ತದೆ, ಆದ್ದರಿಂದ ಏರೋಪ್ಲೇನ್ ಮೋಡಿನಲ್ಲೇ ಇಟ್ಟರೆ ಜಿಪಿಎಸ್ ಕೆಲಸ ಮಾಡುತ್ತಲೇ ಇರುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಹೊಸ ಫೋನು ಕೊಳ್ಳುವ ಅರಣ್ಯ ಸಿಬ್ಬಂದಿ, ಚಾರಣದ ಗೈಡುಗಳು ಉಪಗ್ರಹಗಳು ಬಿತ್ತರಿಸುವ ಎಲ್1 ಎಂಬ ತರಂಗದ ಜೊತೆಗೆ ಎಲ್5 ಎಂಬ ಇನ್ನೊಂದು ತರಂಗವನ್ನೂ ಹಿಡಿಯುವ ಫೋನನ್ನು ಆರಿಸಿಕೊಂಡರೆ ಕಣಿವೆಗಳಲ್ಲಿ ಚುಕ್ಕಿ ಅಷ್ಟು ಅಲುಗುವುದಿಲ್ಲ. ಮಳೆಯಲ್ಲಿ ದಿನಗಟ್ಟಲೆ ನಡೆಯುವವರಿಗೆ ಪೆನ್‌ಟಾರ್ಚಿನ ಸೆಲ್ಲು ಹಾಕುವ, ಗುಂಡಿಗಳಿರುವ ಕೈ ಜಿಪಿಎಸ್ಸೇ ಲೇಸು, ಒದ್ದೆ ಬೆರಳಿಗೆ ಫೋನಿನ ಗಾಜು ಸ್ಪಂದಿಸುವುದಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಯಬೇಕು: ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣವನ್ನೂ ಸ್ಯಾಟಲೈಟ್ ಫೋನನ್ನೂ ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಒಯ್ಯುವಂತಿಲ್ಲ. ಇದು ತಿಳಿಯದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣಗಳಲ್ಲಿ ತಡೆದು ಪ್ರಕರಣ ದಾಖಲಿಸಿದ್ದೂ ಆಗಿದೆ. ವಿದೇಶದಲ್ಲಿರುವ ನಮ್ಮವರ ಮಕ್ಕಳು ರಜೆಗೆ ಬರುವಾಗ ಇಂತಹದ್ದನ್ನು ಚೀಲದಲ್ಲಿ ತರುತ್ತಾರೆ.

ಇನ್ನು ತಮ್ಮಲ್ಲಿ ನನ್ನ ಬೇಡಿಕೆಗಳು. ಮುಖ್ಯವಾದದ್ದು ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಗ್ರಾಮ ಪಂಚಾಯಿತಿಯ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ ಮತ್ತು ಅರಣ್ಯದ ಬೀಟ್ ಸಿಬ್ಬಂದಿ ಸೇರಿ ತಮ್ಮ ವ್ಯಾಪ್ತಿಯಲ್ಲಿ ಮಳೆಗಾಲಕ್ಕೆ ದಾಟಲಾಗದ ಹೊಳೆಗಂಡಿ, ಕಾಲುಸಂಕ, ಗೇಟು ಹಾಕಿದ ಕಾಡುದಾರಿ, ಮುಳುಗುವ ರಸ್ತೆಗಳ ಪಟ್ಟಿಯನ್ನು ಅಕ್ಷಾಂಶ ರೇಖಾಂಶ ಸಹಿತ ಮಾಡುವುದು. ಒಂದು ಪಂಚಾಯಿತಿಗೆ ಇದು ಎರಡು ದಿನದ ಕೆಲಸ. ಆ ಪಟ್ಟಿಯನ್ನು ಜಿಲ್ಲಾಡಳಿತದ ಹೆಸರಿನಲ್ಲಿ ಎಲ್ಲ ನಕ್ಷೆ ಕಂಪನಿಗಳಿಗೂ ಲಿಖಿತವಾಗಿ ಕಳಿಸಿ, ಓಪನ್‌ಸ್ಟ್ರೀಟ್‌ಮ್ಯಾಪಿಗೂ ಸೇರಿಸಿ, ತಿದ್ದಿದರೋ ಇಲ್ಲವೋ ಎಂದು ತಿರುಗಿ ನೋಡಬೇಕು. ಧರೆ ಕುಸಿದು ಘಾಟಿ ಮುಚ್ಚುವ ಆದೇಶಗಳನ್ನು ತಾವು ಈಗ ಪತ್ರಿಕೆಗಳಿಗೆ ಕೊಡುತ್ತೀರಿ. ಇಳಿಸಿಕೊಂಡ ನಕ್ಷೆಗೆ ಆ ಆದೇಶ ಗೊತ್ತಾಗುವುದಿಲ್ಲವಾದ್ದರಿಂದ ಮುಚ್ಚಿದ ದಾರಿಯ ಮೊದಲ ಕವಲಿನಲ್ಲೇ ತಡೆ ಮತ್ತು ಫಲಕ ಇರಬೇಕು, ಕುಸಿದ ಜಾಗದಲ್ಲಿ ಮಾತ್ರ ಇದ್ದರೆ ಸಾಲದು.

ಸಿಗ್ನಲ್ ತಪ್ಪುವ ಜಾಗಕ್ಕೆ ಮುನ್ನ, "ಇಲ್ಲಿಂದ ಮುಂದೆ ಇಷ್ಟು ಕಿಲೋಮೀಟರ್ ಮೊಬೈಲ್ ಸಿಗ್ನಲ್ ಇರುವುದಿಲ್ಲ, ನಕ್ಷೆ ಇಳಿಸಿಕೊಳ್ಳಿ, ಕರೆ ಮಾಡುವುದಿದ್ದರೆ ಇಲ್ಲೇ ಮಾಡಿ" ಎಂಬ ಫಲಕ ಹಾಕಬೇಕು. ಬಸ್ ತಂಗುದಾಣ, ಅಂಗನವಾಡಿ, ಶಾಲೆ, ಸೊಸೈಟಿ ಅಂಗಡಿಗಳ ಗೋಡೆಯ ಮೇಲೆ ಊರಿನ ಹೆಸರು, ಪಂಚಾಯಿತಿ, ತಾಲ್ಲೂಕಿನ ಜೊತೆಗೆ ಆ ಜಾಗದ ಅಕ್ಷಾಂಶ ರೇಖಾಂಶವನ್ನೂ ಬಣ್ಣದಲ್ಲಿ ಬರೆಸಬೇಕು. ಫೋನಿನ ಬ್ಯಾಟರಿ ಸತ್ತವನೂ ಅದನ್ನು ನೋಡಿ, ಸಿಗ್ನಲ್ ಇರುವ ಗುಡ್ಡದಿಂದ ಬೇರೆಯವರ ಫೋನಿನಲ್ಲಿ ಹೇಳಬಹುದು. ಆಂಬುಲೆನ್ಸ್ ಹಾಗೂ ಪೊಲೀಸ್ ವಾಹನಗಳ ಫೋನಿನಲ್ಲಿ ಇಡೀ ಜಿಲ್ಲೆಯ ನಕ್ಷೆ ಇಳಿದಿರುವುದನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು.

ರಾಜ್ಯಕ್ಕೇ ಸೇರಿದ ಎರಡು ವಿಷಯಗಳನ್ನು ತಾವು ಸರ್ಕಾರಕ್ಕೆ ಬರೆಯಬೇಕೆಂದು ಕೋರುತ್ತೇನೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ಸರ್ವೆ ನಂಬರನ್ನೂ ಗ್ರಾಮದ ಗಡಿಯನ್ನೂ ತೋರಿಸುವುದರಿಂದ ನಮ್ಮ ರೈತರಿಗೆ ಚಿರಪರಿಚಿತ. ಅದು ಇಂಟರ್‌ನೆಟ್ ಇಲ್ಲದೆ ನಡೆಯುವುದಿಲ್ಲ. ತಾಲ್ಲೂಕಿನ ಗ್ರಾಮ, ಮಜರೆ, ರಸ್ತೆ, ಹೊಳೆಗಳನ್ನು ಕನ್ನಡದ ಹೆಸರುಗಳೊಂದಿಗೆ ಇಳಿಸಿಕೊಳ್ಳುವಂತೆ ಕೊಟ್ಟರೆ ಅದಕ್ಕಿಂತ ನಂಬಿಕೆಯ ನಕ್ಷೆ ಬೇರೊಂದಿಲ್ಲ. ಚಾರಣಕ್ಕೆ ಅರಣ್ಯ ಇಲಾಖೆ ಆನ್‌ಲೈನಿನಲ್ಲಿ ಟಿಕೆಟ್ ಕೊಡುತ್ತಿರುವುದು ಒಳ್ಳೆಯ ಕ್ರಮ. ಆ ಟಿಕೆಟಿನ ಜೊತೆಗೇ ಅನುಮತಿಸಿದ ಕಾಲುದಾರಿಯ ಜಿಪಿಎಕ್ಸ್ ಕಡತವನ್ನೂ, ಅಂದರೆ ಫೋನಿನ ನಕ್ಷೆಯ ಮೇಲೆ ಆ ದಾರಿಯನ್ನು ಗೆರೆಯಾಗಿ ತೋರಿಸುವ ಕಡತವನ್ನೂ, ಕೊಟ್ಟರೆ ಮಂಜು ಕವಿದಾಗ ಹುಲ್ಲುಗಾವಲಿನಲ್ಲಿ ದಾರಿ ತಪ್ಪುವವರು ಕಡಿಮೆಯಾಗುತ್ತಾರೆ, ಅವರನ್ನು ಹುಡುಕಲು ಹೋಗುವ ವಾಚರುಗಳ ಶ್ರಮವೂ ಉಳಿಯುತ್ತದೆ.

ಕಳೆದ ಬೇಸಿಗೆಯಲ್ಲಿ ನಾನೂ ನಮ್ಮೂರಿನ ಹೈಸ್ಕೂಲಿನ ಏಳು ಮಕ್ಕಳೂ ಸೇರಿ ನಮ್ಮ ಪಂಚಾಯಿತಿಯ ಹನ್ನೊಂದು ದಾರಿಗಳನ್ನು ನಡೆದು ದಾಖಲಿಸಿದ್ದೇವೆ. ಹೊಳೆ ದಾಟುವ ಒಂಬತ್ತು ಜಾಗಗಳು, ಅಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ನೀರಿರುತ್ತದೆ ಎಂಬುದು, ಪ್ರತಿ ಜಾಗದ ಅಕ್ಷಾಂಶ ರೇಖಾಂಶ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೇವೆ, ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ತಿದ್ದಿಯೂ ಇದ್ದೇವೆ. ಅದರ ಪ್ರತಿಯನ್ನು ತಾಲ್ಲೂಕು ಕಚೇರಿಗೆ ಕೊಡಲು ನಾನು ಸಿದ್ಧ. ತಮ್ಮ ಸಿಬ್ಬಂದಿ ಬಂದರೆ ಪ್ರತಿಯೊಂದು ಜಾಗಕ್ಕೂ ಜೊತೆಯಲ್ಲಿ ನಡೆದು ತೋರಿಸುತ್ತೇನೆ. ನಮ್ಮ ಮನೆ ದಾಟಿದ ಮೇಲಿನ ಇಳಿಜಾರಿನ ಬಾಯಲ್ಲಿ ಸದ್ಯಕ್ಕೆ ನಾವೇ ಎರಡು ಬಿದಿರು ಅಡ್ಡ ಕಟ್ಟಿ, ತಗಡಿನ ಮೇಲೆ "ಮುಂದೆ ಹೊಳೆ" ಎಂದು ಬರೆದು ನೇತುಹಾಕಿದ್ದೇವೆ. ರಾತ್ರಿ ಅದು ಕಾಣುವುದಿಲ್ಲ. ಮುಂದಿನ ಮೃಗಶಿರ ಮಳೆ ಬರುವ ಮೊದಲು ಅಲ್ಲೊಂದು ಬೆಳಕಿಗೆ ಹೊಳೆಯುವ ಫಲಕವನ್ನಾದರೂ ಹಾಕಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶರಾವತಿ ಹಿನ್ನೀರಿನಾಚೆಯ ಒಬ್ಬ ನಿವೃತ್ತ ಶಿಕ್ಷಕ